ಕಲಾವಿದರ ಬದುಕಿನ ಚಲನಚಿತ್ರಗಳನ್ನು ನೋಡುವ ಬಗೆ

ಹಾಡುಗಾರನೊಬ್ಬನ, ನಾಟಕದ ನಟಿಯೊಬ್ಬಳ ಅಥವಾ ವೀಣೆ ಕಲಿಯುವ ಹುಡುಗಿಯೊಬ್ಬಳ ಬದುಕನ್ನು ಕಥೆಯಾಗಿಸಿಕೊಂಡ ಚಲನಚಿತ್ರಗಳನ್ನು ನಾವು ಸಾಮಾನ್ಯವಾಗಿ ಹಾಡುಗಳಿಗಾಗಿ ನೋಡುತ್ತೇವೆ. ಕೊನೆಗೆ ಕಣ್ಣು ಒರೆಸಿಕೊಂಡು, ಪಲ್ಲವಿಯೊಂದನ್ನು ಗುನುಗುತ್ತಾ ಏಳುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಎಷ್ಟೋ ವರ್ಷ ಹಾಗೆಯೇ ನೋಡಿದವನು. ಆದರೆ ಇಂಥ ಚಿತ್ರಗಳಲ್ಲಿ ಪ್ರತಿಭೆ, ಪ್ರೀತಿ, ಬದುಕಿನ ಜಂಜಾಟ ಎಂಬ ಮೂರು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ವೇದಿಕೆಯ ಬೆಳಕಿನತ್ತಲೇ ಕಣ್ಣು ನೆಟ್ಟು ಕೂತರೆ ಮೊದಲನೆಯದು ಮಾತ್ರ ಕಾಣುತ್ತದೆ, ಅದೂ ಅರೆಬರೆಯಾಗಿ. ಕಲಾವಿದನ ಕಥೆಯಲ್ಲಿ ಮುಖ್ಯವಾದದ್ದು ನಡೆಯುವುದು ಅವನ ಮನೆಯಲ್ಲಿ. ಅವನು ಸಾಧನೆಗೆ ಕೂತಾಗ ಒಲೆ ಹಚ್ಚಿದವರು ಯಾರು, ಸಂಗೀತ ಕಛೇರಿಗೆ ಹೊರಟಾಗ ಬಾಗಿಲಲ್ಲಿ ನಿಂತವರು ಯಾರು, ಬಾಡಿಗೆ ಕಟ್ಟಿದವರು ಯಾರು ಎಂಬುದನ್ನು ಗಮನಿಸಿದರೆ ಆ ಪ್ರತಿಭೆಯ ಲೆಕ್ಕವನ್ನು ಚಿತ್ರ ಪ್ರಾಮಾಣಿಕವಾಗಿ ಒಪ್ಪಿಸಿದೆಯೋ ಇಲ್ಲವೋ ತಿಳಿಯುತ್ತದೆ.

ತಿಂಗಳಿಗೊಂದು ಭಾನುವಾರ ಮಹಡಿಯ ಮೇಲಿನ ಕೋಣೆಯೊಂದರಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಹಳೆಯ ಚಿತ್ರಗಳನ್ನು ನೋಡುವ ಅಭ್ಯಾಸ ನಮ್ಮದು. ಎಡವಿ, ಜಗಳವಾಡಿ ನಾವು ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ. ಒಬ್ಬರೇ ಕೂತು ನೋಡುವವರಿಗೂ ಇದರಲ್ಲಿ ಬಹುಪಾಲು ಒದಗುತ್ತದೆ.

ಮೊದಲನೆಯದು ಆಯ್ಕೆಯ ವಿಷಯ. ಒಂದೇ ಬಗೆಯ ಐದಾರು ಚಿತ್ರಗಳನ್ನು ಒಂದೇ ವಾರದಲ್ಲಿ ನೋಡುವುದು ಬೇಡ, ಎಲ್ಲ ಗುರುಗಳೂ ಎಲ್ಲ ಶಿಷ್ಯರೂ ಕಲಸಿಹೋಗುತ್ತಾರೆ. ಅದರ ಬದಲು ಜೋಡಿಯಾಗಿ ಆರಿಸಿಕೊಳ್ಳಿ. ಜೋಡಿಯ ಎರಡು ಚಿತ್ರಗಳ ನಡುವೆ ಯಾವುದಾದರೊಂದು ಅಂಶ ಸಮಾನವಾಗಿರಬೇಕು, ಉಳಿದದ್ದು ಬೇರೆಯಾಗಿರಬೇಕು. ಕನ್ನಡದವರಿಗೆ ಇದಕ್ಕೆ ಬಹಳ ಒಳ್ಳೆಯ ಜೋಡಿಯೊಂದು ಕೈಯಳತೆಯಲ್ಲೇ ಇದೆ. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂತು, 1975ರಲ್ಲಿ ಜಿ.ವಿ. ಅಯ್ಯರ್ ಅವರು ಅನಂತ್ ನಾಗ್ ಅವರನ್ನು ಮುಖ್ಯ ಪಾತ್ರದಲ್ಲಿಟ್ಟು ಕನ್ನಡದಲ್ಲಿ ‘ಹಂಸಗೀತೆ’ ಮಾಡಿದರು. ಒಂದೇ ಮೂಲ, ಎರಡು ಭಾಷೆ, ಎರಡು ಸಂಗೀತ ಪದ್ಧತಿ, ನಡುವೆ ಸುಮಾರು ಇಪ್ಪತ್ತು ವರ್ಷ. ಇನ್ನೊಂದು ಜೋಡಿ ಪುಟ್ಟಣ್ಣ ಕಣಗಾಲ್ ಅವರ ‘ಉಪಾಸನೆ’ (1974) ಮತ್ತು ‘ರಂಗನಾಯಕಿ’ (1981). ನಿರ್ದೇಶಕರೂ ಒಬ್ಬರೇ, ನಟಿ ಆರತಿಯವರೂ ಒಬ್ಬರೇ. ಮೊದಲನೆಯದರಲ್ಲಿ ವೀಣೆ, ಎರಡನೆಯದರಲ್ಲಿ ನಾಟಕದ ರಂಗ. ಅ.ನ.ಕೃ. ಅವರ ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ವನ್ನು (1966) ಒಂಟಿಯಾಗಿಯೇ ನೋಡಬಹುದು. ಕಾದಂಬರಿ ಇರುವ ಕಡೆಯಲ್ಲೆಲ್ಲ ಅದನ್ನು ಚಿತ್ರ ನೋಡಿದ ಮೇಲೆ ಓದಿ ಎಂಬುದು ನನ್ನ ಸಲಹೆ. ಮೊದಲೇ ಓದಿಕೊಂಡು ಬಂದವರು ಚಿತ್ರದುದ್ದಕ್ಕೂ ‘ಇದು ಹೀಗಿರಲಿಲ್ಲ’ ಎಂದು ಪಕ್ಕದವರ ಕಿವಿ ಕಚ್ಚುತ್ತಾರೆ.

ಆಯ್ಕೆಯಾದ ಮೇಲೆ ಪ್ರತಿಯನ್ನು ಪರೀಕ್ಷಿಸಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ನಾವೂ ಮಾಡುತ್ತಿರಲಿಲ್ಲ. ಅಂಗಡಿಯೊಂದರಲ್ಲಿ ಕೊಂಡ ಡಿವಿಡಿಯಲ್ಲಿ ಸಂಗೀತಗಾರನೊಬ್ಬನ ಕಥೆಯನ್ನು ನೋಡಿ, ‘ಈ ನಿರ್ದೇಶಕರಿಗೆ ಸಾಧನೆಯ ಕಷ್ಟವೇ ಗೊತ್ತಿಲ್ಲ, ಹುಡುಗ ನೇರವಾಗಿ ವಿದ್ವಾಂಸನಾಗಿಬಿಡುತ್ತಾನೆ’ ಎಂದು ಒಂದು ಗಂಟೆ ವಾದ ಮಾಡಿದ್ದೆವು. ಮುಂದೆ ಅದೇ ಚಿತ್ರ ಟೀವಿಯಲ್ಲಿ ಬಂದಾಗ ನೋಡಿದರೆ ಗುರುವಿನ ಮನೆಯ ಎರಡು ದೃಶ್ಯಗಳೂ ಒಂದು ಹಾಡೂ ನಮ್ಮ ಡಿವಿಡಿಯಲ್ಲಿ ಇರಲೇ ಇಲ್ಲವೆಂಬುದು ಗೊತ್ತಾಯಿತು. ನಿರ್ದೇಶಕರ ಮೇಲೆ ಹೊರಿಸಿದ ತಪ್ಪು ಕತ್ತರಿ ಆಡಿಸಿದ ಯಾರದೋ ಆಗಿತ್ತು.

ಇದನ್ನು ತಪ್ಪಿಸಲು ಸುಲಭವಾದ ಲೆಕ್ಕವೊಂದಿದೆ. ಚಿತ್ರದ ಆರಂಭದಲ್ಲಿ ಕಾಣುವ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ರೀಲುಗಳ ಸಂಖ್ಯೆಯ ಜೊತೆಗೆ ಚಿತ್ರದ ಉದ್ದವನ್ನು ಮೀಟರುಗಳಲ್ಲಿ ಬರೆದಿರುತ್ತಾರೆ. ನಾವು ಅದನ್ನು ಓಡಿಸಿಬಿಡುತ್ತೇವೆ, ಹಾಗೆ ಮಾಡದೆ ಅಲ್ಲಿ ನಿಲ್ಲಿಸಿ ಬರೆದುಕೊಳ್ಳಿ. 35 ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವಾಗ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಸರಿಯುತ್ತದೆ. ಸರ್ಟಿಫಿಕೇಟಿನಲ್ಲಿ 4,000 ಮೀಟರ್ ಎಂದಿದ್ದರೆ 27.4ರಿಂದ ಭಾಗಿಸಿ, ಚಿತ್ರ ಸುಮಾರು 146 ನಿಮಿಷ ಇರಬೇಕು. ನಿಮ್ಮ ಪ್ರತಿ 120 ನಿಮಿಷಕ್ಕೇ ಮುಗಿಯುತ್ತಿದ್ದರೆ ಸುಮಾರು ಎರಡೂವರೆ ರೀಲು ಎಲ್ಲೋ ಬಿದ್ದುಹೋಗಿದೆ, ಮತ್ತು ನನ್ನ ಅನುಭವದಲ್ಲಿ ಬಿದ್ದುಹೋಗುವುದು ಹೊಡೆದಾಟವಲ್ಲ, ಪಾಠದ ದೃಶ್ಯ.

146ರ ಬದಲು 140 ನಿಮಿಷ ಇದ್ದು, ಎಲ್ಲಿಯೂ ದೃಶ್ಯ ಹಾರಿದಂತೆ ಕಾಣದಿದ್ದರೆ ಕಾರಣ ಬೇರೆ. ನಮ್ಮ ಹಳೆಯ ಟೀವಿ ವ್ಯವಸ್ಥೆಗೆಂದು ಫಿಲ್ಮನ್ನು ವರ್ಗಾಯಿಸುವಾಗ 24ರ ಬದಲು 25 ಚೌಕಟ್ಟಿನ ವೇಗದಲ್ಲಿ ಓಡಿಸುತ್ತಿದ್ದರು, ಆದ್ದರಿಂದ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. ಬೇರೆ ಚಿತ್ರಗಳಿಗೆ ಇದರಿಂದ ಅಂಥ ನಷ್ಟವಿಲ್ಲ, ಸಂಗೀತದ ಚಿತ್ರಕ್ಕೆ ಇದೆ. ಶ್ರುತಿ ಹಾರ್ಮೋನಿಯಂನ ಲೆಕ್ಕದಲ್ಲಿ ಅರ್ಧ ಮನೆಗಿಂತ ತುಸು ಕಡಿಮೆಯಷ್ಟು ಮೇಲೇರುತ್ತದೆ, ಗಂಭೀರವಾದ ಕಂಠ ಕೊಂಚ ಎಳೆಯದಾಗಿ ಕೇಳುತ್ತದೆ, ವಿಳಂಬದಲ್ಲಿ ಹಾಡಿದ್ದು ಅಷ್ಟು ವಿಳಂಬವಲ್ಲ ಎನಿಸುತ್ತದೆ. ಇಂಥ ಪ್ರತಿಯನ್ನು ವೇಗ ತಗ್ಗಿಸುವ ಅನುಕೂಲವಿರುವ ಪ್ಲೇಯರಿನಲ್ಲಿ 0.96ಕ್ಕೆ ಇಟ್ಟು, ಶ್ರುತಿಯೂ ಜೊತೆಗೇ ಇಳಿಯುವಂತೆ ನೋಡಿಕೊಳ್ಳಿ. ನಮ್ಮ ಗುಂಪಿನಲ್ಲಿ ವೀಣೆ ನುಡಿಸುವ ಹಿರಿಯರೊಬ್ಬರು ಮೊದಲ ಬಾರಿಗೆ ಈ ವ್ಯತ್ಯಾಸ ಕೇಳಿದಾಗ ‘ಈಗ ಇವರು ಕೂತುಕೊಂಡು ಹಾಡುತ್ತಿದ್ದಾರೆ’ ಎಂದರು.

ಮೂರನೆಯದು ಕಿವಿಯ ಸಿದ್ಧತೆ. ಸಂಗೀತ ಬಲ್ಲವರೇ ನೋಡಬೇಕೆಂದಲ್ಲ, ಆದರೆ ಹತ್ತು ನಿಮಿಷದ ಪರಿಚಯ ಬಹಳ ದೂರ ಬರುತ್ತದೆ. ‘ಹಂಸಗೀತೆ’ಯ ನಾಯಕ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ; ರಾಗವೇ ಅವನ ಹೆಸರಿಗೆ ಅಂಟಿಕೊಂಡಿದೆ. ನೋಡುವ ಮುನ್ನ ಭೈರವಿ ರಾಗದ ‘ವಿರಿಬೋಣಿ’ ವರ್ಣವನ್ನು ಒಮ್ಮೆ ಕೇಳಿ. ಏರುವಾಗ ತುಸು ಎತ್ತರದ ಚತುಶ್ರುತಿ ಧೈವತ, ಇಳಿಯುವಾಗ ತುಸು ತಗ್ಗಿನ ಶುದ್ಧ ಧೈವತ ಎಂಬ ಎರಡು ಧೈವತಗಳ, ಅಂದರೆ ‘ದ’ ಸ್ವರದ ಎರಡು ರೂಪಗಳ, ಆಟ ಆ ರಾಗದ ಜೀವ. ಹೆಸರು ಗೊತ್ತಿಲ್ಲದಿದ್ದರೂ ಏರಿದ ದಾರಿಯಲ್ಲೇ ಇಳಿಯುತ್ತಿಲ್ಲ ಎಂಬುದು ಕಿವಿಗೆ ತಿಳಿಯುತ್ತದೆ. ಹಿಂದೂಸ್ತಾನಿಯ ಭೈರವಿ ಬೇರೆಯೇ ರಾಗವೆಂಬುದೂ ನೆನಪಿರಲಿ; ಅದರ ಸ್ವರಗಳು ನಮ್ಮ ತೋಡಿಗೆ ಹತ್ತಿರ. ಹೆಸರೊಂದೇ ಎಂದು ಎರಡನ್ನೂ ಒಂದೆಂದುಕೊಂಡು ಚರ್ಚೆಗೆ ಇಳಿದವರನ್ನು ನೋಡಿದ್ದೇನೆ.

ಇನ್ನು ನೋಡುವ ಕ್ರಮ. ಮೊದಲ ಸಲ ಎಲ್ಲಿಯೂ ನಿಲ್ಲಿಸದೆ, ಹಾಡುಗಳನ್ನು ಹಾರಿಸದೆ ನೋಡಿ. ಮಡಿಲಲ್ಲಿ ಒಂದು ಹಾಳೆ ಇರಲಿ, ಅದರ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು ಕಲೆ, ಪ್ರೀತಿ, ಮನೆ ಎಂದು ಮೂರು ಭಾಗ ಮಾಡಿಕೊಳ್ಳಿ. ಮನಸ್ಸಿಗೆ ತಟ್ಟಿದ ದೃಶ್ಯ ಬಂದಾಗ ಅದು ಯಾವ ಭಾಗಕ್ಕೆ ಸೇರಿದ್ದೆಂದು ಎರಡು ಪದ ಗೀಚಿದರೆ ಸಾಕು. ಎರಡು ಭಾಗಗಳಿಗೂ ಸೇರುವ ದೃಶ್ಯ ಬಂದರೆ ಗೆರೆಯ ಮೇಲೆಯೇ ಬರೆಯಿರಿ. ಚಿತ್ರ ಮುಗಿದಾಗ ಗೆರೆಗಳ ಮೇಲೆ ಎಷ್ಟು ಬರೆದಿದ್ದೀರಿ ಎಂಬುದನ್ನು ನೋಡಿದರೆ ಮೂರು ಎಳೆಗಳನ್ನು ನಿರ್ದೇಶಕರು ಎಷ್ಟರಮಟ್ಟಿಗೆ ನೇಯ್ದಿದ್ದಾರೆಂಬುದು ಗೊತ್ತಾಗುತ್ತದೆ. ಕಲೆಯ ಭಾಗ ತುಂಬಿ, ಮನೆಯ ಭಾಗ ಖಾಲಿಯಿದ್ದರೆ ನೀವು ನೋಡಿದ್ದು ಕಛೇರಿ, ಕಥೆಯಲ್ಲ.

ಕಲೆಯ ಭಾಗದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಇವನು ಪ್ರತಿಭಾವಂತ ಎಂಬುದನ್ನು ಚಿತ್ರ ನಮಗೆ ಹೇಗೆ ನಂಬಿಸುತ್ತದೆ ಎಂಬುದು. ಸುಲಭದ ದಾರಿಗಳು ಹಲವು: ಸಭೆ ಚಪ್ಪಾಳೆ ತಟ್ಟುತ್ತದೆ, ಎದುರಾಳಿ ತಲೆ ತಗ್ಗಿಸುತ್ತಾನೆ, ದೀಪ ತಾನಾಗಿ ಉರಿಯುತ್ತದೆ, ಮೂಲೆಯಲ್ಲಿ ಕೂತ ಮುದುಕರೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಇವೆಲ್ಲ ಬೇರೆಯವರು ಕೊಡುವ ಸಾಕ್ಷಿ. ಕಲಿಯುವವನು ಹಾಡಿನ ಸಾಲೊಂದನ್ನು ಬಗೆಬಗೆಯಾಗಿ ಹಾಡುವ ಸಂಗತಿಯೊಂದರಲ್ಲಿ ತಪ್ಪುವುದು, ಗುರು ನಿಲ್ಲಿಸಿ ಮತ್ತೆ ಹೇಳಿಸುವುದು, ಮರುದಿನ ಅದು ಒಂದು ಕೂದಲೆಳೆಯಷ್ಟು ಸರಿಹೋಗುವುದು, ಇದನ್ನು ತೋರಿಸಿದ ಚಿತ್ರಕ್ಕೆ ಚಪ್ಪಾಳೆಯ ಅಗತ್ಯ ಬೀಳುವುದಿಲ್ಲ.

ವಾದ್ಯವಿದ್ದರೆ ಕೈಗಳನ್ನು ನೋಡಿ. ವೀಣೆಗೆ 24 ಮೆಟ್ಟಿಲು, ನುಡಿಸುವ ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು. ತಾರ ಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ಹೋದಂತೆ ಎಡಗೈ ನುಡಿಸುವವರ ಬಲಕ್ಕೆ, ಕೊಡದ ಕಡೆಗೆ ಸರಿಯಬೇಕು. ಗಮಕಕ್ಕೆ, ಅಂದರೆ ಸ್ವರವನ್ನು ತೂಗಾಡಿಸಲು, ತಂತಿಯನ್ನು ಅಡ್ಡ ಎಳೆಯಬೇಕು. ಧ್ವನಿ ಮೇಲೇರುತ್ತಿದ್ದು ಎಡಗೈ ಇದ್ದಲ್ಲಿಯೇ ಇದ್ದರೆ ನಟಿಗೆ ಕಲಿಸಲು ಯಾರೂ ಸಮಯ ಕೊಟ್ಟಿಲ್ಲ. ಮುಖ ಮತ್ತು ಕೈಗಳು ಒಂದೇ ಶಾಟಿನಲ್ಲಿ ಒಟ್ಟಿಗೆ ಕಾಣಿಸುತ್ತವೆಯೇ, ಅಥವಾ ಮುಖದ ಕ್ಲೋಸಪ್ಪಿನಿಂದ ಬೇರಾರದೋ ಬೆರಳುಗಳಿಗೆ ಕಟ್ ಆಗುತ್ತದೆಯೇ ಎಂಬುದನ್ನೂ ಗುರುತಿಸಿ. ಇದು ತಪ್ಪು ಹುಡುಕುವ ಚಟವಲ್ಲ. ಕಲೆಯನ್ನು ಕುರಿತು ಚಿತ್ರ ಮಾಡಲು ಹೊರಟವರು ಆ ಕಲೆಯನ್ನು ಎಷ್ಟು ಗೌರವಿಸಿದ್ದಾರೆಂಬುದು ಈ ಕೈಗಳಲ್ಲಿ ಕಾಣುತ್ತದೆ. ಆದರೂ ಒಂದು ಮಾತು: ಬೆರಳು ತಪ್ಪಿದರೂ ಮುಖ ಸರಿಯಾಗಿರುವ ದೃಶ್ಯಗಳಿವೆ, ಅವನ್ನು ನಾನು ಕ್ಷಮಿಸುತ್ತೇನೆ, ಬೆರಳು ಸರಿಯಿದ್ದು ಮುಖ ಖಾಲಿಯಿದ್ದರೆ ಕ್ಷಮಿಸುವುದು ಕಷ್ಟ.

ಹಾಡುಗಾರಿಕೆಯ ಚಿತ್ರದಲ್ಲಿ ಪ್ರತಿಭೆ ಇಬ್ಬರಿಗೆ ಸೇರಿದ್ದು. ಮುಖ ಒಬ್ಬರದು, ಕಂಠ ಇನ್ನೊಬ್ಬರದು. ರಾಜ್‌ಕುಮಾರ್ ಅವರು ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾದದ್ದು 1974ರಿಂದೀಚೆಗೆ. ಅವರು ನಟಿಸಿದ 1966ರ ‘ಸಂಧ್ಯಾರಾಗ’ದ ಹೊತ್ತಿಗೆ ಹಾಡು ಹಿನ್ನೆಲೆ ಗಾಯಕರದು, ಆ ಚಿತ್ರಕ್ಕೆ ಭೀಮಸೇನ ಜೋಶಿಯವರೂ ಹಾಡಿದ್ದಾರೆ. ‘ಹಂಸಗೀತೆ’ಯ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಂಥ ಕಡೆ ನಟನ ಕೆಲಸ ತುಟಿ ಹೊಂದಿಸುವುದಷ್ಟೇ ಅಲ್ಲ. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ನಟನ ಎದೆಯೂ ಏರಬೇಕು, ಮೇಲಿನ ಷಡ್ಜದಲ್ಲಿ ನಿಂತಾಗ ಕತ್ತಿನ ನರ ಬಿಗಿಯಬೇಕು. ಎರಡನೆಯ ಸಲ ನೋಡುವಾಗ ಒಂದು ಹಾಡನ್ನು ಧ್ವನಿ ತೆಗೆದು ನೋಡಿ, ಮತ್ತೆ ಅದೇ ಹಾಡನ್ನು ಕಣ್ಣು ಮುಚ್ಚಿ ಕೇಳಿ. ಧ್ವನಿ ಇಲ್ಲದಾಗಲೂ ಆ ಮನುಷ್ಯ ಹಾಡುತ್ತಿರುವಂತೆ ಕಂಡರೆ ನಟ ಗೆದ್ದಿದ್ದಾನೆ.

ಪ್ರೀತಿಯ ಭಾಗಕ್ಕೆ ಬರೋಣ. ಇಲ್ಲಿ ಬಹಳ ಮಂದಿ ನೋಡುವವರು ಎಡವುತ್ತಾರೆ, ಏಕೆಂದರೆ ನಾಯಕ ನಾಯಕಿ ಒಂದಾಗುವರೋ ಇಲ್ಲವೋ ಎಂಬುದಕ್ಕೆ ಕಾಯುತ್ತಾ ಕೂರುತ್ತಾರೆ. ಕಾಯಬೇಕಾದದ್ದು ಷರತ್ತಿಗೆ. ಕಲಾವಿದರನ್ನು ಪ್ರೀತಿಸಿದವರು ಯಾವುದೋ ಒಂದು ಗಳಿಗೆಯಲ್ಲಿ ಷರತ್ತು ಹಾಕುತ್ತಾರೆ, ಕೆಲವೊಮ್ಮೆ ಬಾಯಿ ಬಿಟ್ಟು, ಹೆಚ್ಚಾಗಿ ಬಾಯಿ ಬಿಡದೆ. ಆ ಗಳಿಗೆಯನ್ನು ಹಾಳೆಯ ಮೇಲೆ ಗುರುತಿಸಿಕೊಳ್ಳಿ.

‘ರಂಗನಾಯಕಿ’ಯನ್ನೇ ತೆಗೆದುಕೊಳ್ಳಿ. ನಾಟಕ ಕಂಪನಿಯಲ್ಲಿ ಬೆಳೆದ ನಟಿಯನ್ನು ಅವಳ ಅಭಿನಯಕ್ಕೆ ಮನಸೋತವನೇ ಮದುವೆಯಾಗುತ್ತಾನೆ. ಮದುವೆಯಾದ ಮೇಲೆ ಅವಳು ಬಣ್ಣ ಹಚ್ಚಬಾರದು. ತನ್ನನ್ನು ಸಾಕಿದ ಕಂಪನಿಯ ಕಷ್ಟಕ್ಕೆ ಕರಗಿ ಅವಳು ಮತ್ತೆ ರಂಗವೇರಿದಾಗ ಗಂಡ ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾನೆ. ಮುಂದೆ ಅವಳು ಚಿತ್ರನಟಿಯಾಗಿ ಹೆಸರು ಮಾಡುತ್ತಾಳೆ, ತಾಯಿ ಯಾರೆಂದು ತಿಳಿಯದೆ ಬೆಳೆದ ಮಗ ಆ ನಟಿಯ ಕಡೆಗೇ ಸೆಳೆಯಲ್ಪಡುತ್ತಾನೆ. ಎರಡನೆಯ ಅರ್ಧದ ಈ ತಿರುವು ಎಷ್ಟು ಧೈರ್ಯದ್ದೆಂದರೆ ಎಲ್ಲರೂ ಅದನ್ನೇ ಮಾತನಾಡುತ್ತಾರೆ, ಮೊದಲರ್ಧದ ಷರತ್ತು ಮರೆತುಹೋಗುತ್ತದೆ. ನೋಡುವಾಗ ಗಂಡನನ್ನು ಖಳನೆಂದು ತಳ್ಳಿಹಾಕಬೇಡಿ. ಅವನು ಪ್ರೀತಿಸಿದ್ದು ರಂಗದ ಮೇಲಿನ ಹೆಣ್ಣನ್ನು, ಮನೆಗೆ ಕರೆತರಲು ಬಯಸಿದ್ದು ರಂಗವಿಲ್ಲದ ಹೆಣ್ಣನ್ನು. ಯಾವುದಕ್ಕೆ ಮನಸೋತನೋ ಅದನ್ನೇ ನಂದಿಸಲು ಹೊರಟವನು. ಶೀರ್ಷಿಕೆಯೂ ಇದನ್ನೇ ಹೇಳುತ್ತದೆ: ರಂಗನಾಯಕಿ ಎಂಬುದು ಅವಳ ಹೆಸರೂ ಹೌದು, ಕೆಲಸವೂ ಹೌದು, ಕೆಲಸವನ್ನು ಬಿಡು ಎಂದವನು ಹೆಸರನ್ನು ಎಲ್ಲಿಡಬೇಕು? ಇದೇ ಕಥೆಯಲ್ಲಿ ನಟ ಗಂಡಸಾಗಿದ್ದರೆ ಹೆಂಡತಿ ಅಂಥದೇ ಷರತ್ತು ಹಾಕಬಹುದಿತ್ತೇ ಎಂಬ ಪ್ರಶ್ನೆಯನ್ನು ಗುಂಪಿನ ಮುಂದಿಡಿ. ನಮ್ಮಲ್ಲಿ ಆ ಪ್ರಶ್ನೆಗೆ ಕೂತಿದ್ದ ಆರು ಗಂಡಸರೂ ಸುಮ್ಮನಾದರು.

ಬದುಕಿನ ಜಂಜಾಟವನ್ನು ನೋಡಲು ಮೊದಲು ಹೇಳಿದ ಹಂಸಗೀತೆಯ ಜೋಡಿಯೇ ಸರಿ. ಬಡತನ, ಕುಡಿತ, ಅಸೂಯೆ ಇವು ಇಂಥ ಚಿತ್ರಗಳಲ್ಲಿ ಸಿದ್ಧವಾಗಿ ಸಿಗುವ ಕಷ್ಟಗಳು, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವೆಂಕಟಸುಬ್ಬಯ್ಯನ ಕಥೆಯ ಕಷ್ಟ ಬೇರೆ ಜಾತಿಯದು: ಈ ಹಾಡು ಯಾರಿಗೆ ಸೇರಿದ್ದು? ಆಳುವವರ ಅಪ್ಪಣೆಗೆ ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಳ್ಳುವುದು ಮೇಲೆಂದುಕೊಂಡ ಗಾಯಕನ ಐತಿಹ್ಯ ತ.ರಾ.ಸು. ಅವರ ಕಾದಂಬರಿಯ ಬೆನ್ನೆಲುಬು. ಅಲ್ಲಿ ಎದುರಾಳಿ ಇನ್ನೊಬ್ಬ ಗಾಯಕನಲ್ಲ. ಅರಮನೆಯೂ ಅಲ್ಲ ಎನ್ನುತ್ತೇನೆ ನಾನು, ತನ್ನ ವಿದ್ಯೆಯ ಮೇಲೆ ತನಗೇ ಇರುವ ಅಹಂಕಾರ ಮತ್ತು ಭಕ್ತಿ ಎರಡೂ ಬೆರೆತ ಯಾವುದೋ ಹಟ.

ಹಿಂದಿಯ ಚಿತ್ರ ಇದನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಯ್ದು, ಪ್ರೇಮಕ್ಕೂ ಆಸ್ಥಾನದ ಪೈಪೋಟಿಗೂ ಹೆಚ್ಚು ಜಾಗ ಕೊಟ್ಟಿತು. ಅಲ್ಲಿನ ‘ಕೇತಕಿ ಗುಲಾಬ್ ಜೂಹಿ’ ಎಂಬ ಹಾಡಿನಲ್ಲಿ ನಾಯಕನಿಗೆ ಮನ್ನಾ ಡೇ ಅವರ ಕಂಠ, ಸೋಲುವ ಆಸ್ಥಾನ ಗಾಯಕನಿಗೆ ಭೀಮಸೇನ ಜೋಶಿಯವರ ಕಂಠ. ಚಿತ್ರದುರ್ಗದ ಕಥೆ ಮುಂಬೈಗೆ ಹೋಗಿ, ಅದರಲ್ಲಿ ಗದಗ ಸೀಮೆಯ ಗಾಯಕರು ಸೋಲಲೆಂದೇ ಹಾಡಬೇಕಾಯಿತಲ್ಲ ಎಂದು ನಮ್ಮ ಕಡೆಯವರು ಇಂದಿಗೂ ನಗುತ್ತಾ ಹೇಳುವುದುಂಟು. ಈ ಹಾಡನ್ನು ಹೀಗೆ ನೋಡಿ: ಮೊದಲು ಪರದೆ ಆರಿಸಿ ಬರೀ ಧ್ವನಿ ಕೇಳಿ, ಗೆದ್ದವರು ಯಾರೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಮಡಿಸಿಡಿ, ಆಮೇಲೆ ಚಿತ್ರದೊಡನೆ ನೋಡಿ, ಸಭೆಯ ಮುಖಗಳು ಯಾವ ಗಳಿಗೆಯಲ್ಲಿ ನಾಯಕನ ಕಡೆ ತಿರುಗುತ್ತವೆಂದು ಗಮನಿಸಿ, ಆಮೇಲೆ ಚೀಟಿ ಬಿಚ್ಚಿ. ನಮ್ಮ ಹನ್ನೊಂದು ಚೀಟಿಗಳಲ್ಲಿ ಎಂಟರಲ್ಲಿ ಸೋತವನ ಹೆಸರಿತ್ತು. ಕಥೆಗೆ ಬೇಕಾದ ಗೆಲುವನ್ನು ಕ್ಯಾಮೆರಾ ಮತ್ತು ಕತ್ತರಿ ಹೇಗೆ ಕಟ್ಟಿಕೊಡುತ್ತವೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪಾಠ ನನಗೆ ಗೊತ್ತಿಲ್ಲ. ಇದಾದ ಮೇಲೆ ಕನ್ನಡದ ‘ಹಂಸಗೀತೆ’ಯನ್ನು ನೋಡಿದರೆ ಅಯ್ಯರ್ ಅವರು ಗೆಲುವು ಸೋಲುಗಳ ಈ ಆಟದಿಂದ ಎಷ್ಟು ದೂರ ನಿಂತಿದ್ದಾರೆಂಬುದು ತಾನಾಗಿ ಕಾಣುತ್ತದೆ. ಅವರ ಚಿತ್ರದ ನಿಧಾನ ಕೆಲವರಿಗೆ ಸಹಿಸುವುದಿಲ್ಲ. ಆ ನಿಧಾನದಲ್ಲಿಯೇ ರಾಗಕ್ಕೆ ಬಿಚ್ಚಿಕೊಳ್ಳಲು ಜಾಗವಿದೆ.

ಉಳಿದದ್ದು ಕೊನೆಯ ಹತ್ತು ನಿಮಿಷ. ಕಲಾವಿದರ ಚಿತ್ರಗಳು ವೇದಿಕೆಯ ಮೇಲೆ ಮುಗಿಯಲು ಹಂಬಲಿಸುತ್ತವೆ. 1980ರ ತೆಲುಗು ಚಿತ್ರ ‘ಶಂಕರಾಭರಣಂ’ನಲ್ಲಿ ಗುರು ಹಾಡುತ್ತಲೇ ಕುಸಿಯುತ್ತಾನೆ, ನಿಂತ ಹಾಡನ್ನು ಹುಡುಗ ಎತ್ತಿಕೊಳ್ಳುತ್ತಾನೆ. ಇಂಥ ಅಂತ್ಯ ಬಂದಾಗ ಸಾಯುವವನ ಮುಖದಿಂದ ಕಣ್ಣು ತೆಗೆದು, ಆ ಹಾಡನ್ನು ಎತ್ತಿಕೊಂಡವರು ಯಾರು, ಅವರಿಗೆ ಕಲಿಸುವ ವ್ಯವಸ್ಥೆ ಮಾಡಿದವರು ಯಾರು ಎಂದು ಹಿಂದಕ್ಕೆ ಹೋಗಿ ನೋಡಿ. ಅಲ್ಲಿ ಬಹುತೇಕ ಒಬ್ಬ ಹೆಣ್ಣು ನಿಂತಿರುತ್ತಾಳೆ, ಮತ್ತು ಕ್ಯಾಮೆರಾ ಅವಳ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಗಡಿಯಾರ ಹಿಡಿದೇ ಎಣಿಸಬಹುದು.

ಗುಂಪಿನಲ್ಲಿ ನೋಡುವವರಿಗೆ ಇನ್ನೊಂದು ಸೂಚನೆಯಿದೆ. ಚಿತ್ರ ಮುಗಿದ ಕೂಡಲೇ ಮಾತಿಗೆ ತೊಡಗಬೇಡಿ. ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಒಬ್ಬೊಬ್ಬರೂ ತಮ್ಮ ಹಾಳೆಯಿಂದ ಒಂದೇ ದೃಶ್ಯವನ್ನು ಓದಿ ಹೇಳಲಿ. ಆ ಕಾಫಿಯನ್ನು ಚಿತ್ರ ಆರಂಭವಾಗುವ ಮೊದಲೇ ಮಾಡಿ ಫ್ಲಾಸ್ಕಿಗೆ ತುಂಬಿಸಿಡಿ. ನಮ್ಮಲ್ಲಿ ಒಂದೂವರೆ ವರ್ಷದ ಕಾಲ, ಪ್ರತಿ ತಿಂಗಳೂ, ಬಿಸಿಬಿಸಿ ಕಾಫಿ ಸರಿಯಾದ ಹೊತ್ತಿಗೆ ಬರುತ್ತಿತ್ತು. ‘ಮನೆಯ ಭಾಗದಲ್ಲಿ ನೀವೇನು ಬರೆದಿರಿ?’ ಎಂದು ಮನೆಯ ಯಜಮಾನಿಯನ್ನು ಒಮ್ಮೆ ಕೇಳಿದಾಗ, ಆಕೆ ಹಾಳೆಯನ್ನು ನಮ್ಮತ್ತ ತಿರುಗಿಸಿ, ‘ನಾನು ಇದುವರೆಗೆ ಒಂದು ಚಿತ್ರದ ಕೊನೆಯನ್ನೂ ನೋಡಿಲ್ಲ’ ಎಂದರು.